ಸಮಶ್ರದ್ಧೆ ಎಂದರೆ ಏಕಮತವೆ?

ಬೇರೆ ಬೇರೆ ಮತಗಳನ್ನು ನಂಬಿದ ಇಬ್ಬರು ಪರಸ್ಪರ ಒಲಿದು ಒಂದೇ ಮನೆಯಲ್ಲಿ ಬಾಳಬಹುದೆ ಎಂಬ ಪ್ರಶ್ನೆ ಎದುರಾದಾಗ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಹೊರಡುತ್ತವೆ. ‘ಎಲ್ಲ ಮತಗಳ ಸಾರವೂ ಒಂದೇ, ಆದುದರಿಂದ ತೊಡಕಿಲ್ಲ’ ಎಂಬುದು ಒಂದು. ‘ಎಣ್ಣೆಯೂ ನೀರೂ ಬೆರೆಯಲಾರವು, ಆದುದರಿಂದ ಆ ಮಾತೇ ಬೇಡ’ ಎಂಬುದು ಇನ್ನೊಂದು. ಇವೆರಡೂ ಗ್ರಂಥವನ್ನು ತೆರೆದು ನೋಡುವ ಶ್ರಮವನ್ನು ತಪ್ಪಿಸುವ ಉತ್ತರಗಳೆಂದು ನಮಗೆ ತೋರುತ್ತದೆ. ಸಾರವೊಂದೇ ಎನ್ನುವವನು ಎರಡು ಮತಗಳನ್ನೂ ಓದಬೇಕಾಗಿಲ್ಲ. ಬೆರೆಯಲಾರವು ಎನ್ನುವವನು ಎರಡನೆಯದನ್ನು ಓದಬೇಕಾಗಿಲ್ಲ. ವಿಮರ್ಶೆಯ ಕೆಲಸ ಆರಂಭವಾಗುವುದು ಓದಿದ ಮೇಲೆಯೇ.

ಇಲ್ಲಿ ನಾವು ಒಂದು ವಿಚಿತ್ರವಾದ ಜೋಡಿಯನ್ನು ಆರಿಸಿಕೊಂಡಿದ್ದೇವೆ. ಒಂದು ಕಡೆ, ಸುಮಾರು ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಬೌದ್ಧಧರ್ಮ. ಇನ್ನೊಂದು ಕಡೆ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದ ವಿಕ್ಕ ಮತ. ಜೋಡಿ ವಿಚಿತ್ರವಾದರೂ ಕಲ್ಪಿತವಲ್ಲ. ಲಂಡನ್ನಿನಲ್ಲಿ ಬೌದ್ಧಸಂಘ 1924ರಲ್ಲಿಯೇ ಸ್ಥಾಪಿತವಾಯಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,73,000 ಮಂದಿ ತಾವು ಬೌದ್ಧರೆಂದೂ, ಸುಮಾರು 13,000 ಮಂದಿ ತಾವು ವಿಕ್ಕ ಮತದವರೆಂದೂ ಬರೆಯಿಸಿದರು. ಒಂದೇ ಊರಿನಲ್ಲಿ ಓದಿ, ಒಂದೇ ಕಚೇರಿಯಲ್ಲಿ ದುಡಿಯುವ ಇವರಲ್ಲಿ ಪ್ರೇಮವಿವಾಹಗಳು ನಡೆಯುವುದು ಸಹಜ. ಅಂಥ ಮನೆ ನಿಲ್ಲುವುದು ಯಾವುದರ ಮೇಲೆ, ಬಿರುಕುಬಿಡುವುದು ಎಲ್ಲಿ ಎಂಬುದನ್ನು ಎರಡು ಮತಗಳ ಎರಡು ಪುಟ್ಟ ಕಥೆಗಳ ಮೂಲಕ ನೋಡುವುದು ನಮ್ಮ ಉದ್ದೇಶ.

ಮೊದಲು ಹೆಸರಿನ ವಿಷಯ. ‘ವಿಕ್ಕ’ ಎಂಬುದು ಹಳೆಯ ಇಂಗ್ಲಿಷಿನ ಶಬ್ದ. ಇಂದಿನ ‘ವಿಚ್’ ಎಂಬ ಶಬ್ದ ಅದರ ಸಂತತಿಯೇ. ನಿಘಂಟನ್ನು ನೆಚ್ಚಿದ ಉಪಾಧ್ಯಾಯರು ಇದನ್ನು ‘ಮಾಟಗಾತಿ’ ಎಂದು ಕನ್ನಡಿಸಿದರೆ, ವಿದ್ಯಾರ್ಥಿಯ ಕಣ್ಣೆದುರಿಗೆ ನಿಂಬೆಹಣ್ಣು, ಕುಂಕುಮ, ಸ್ಮಶಾನದ ಬೂದಿ ಬಂದು ನಿಲ್ಲುತ್ತವೆ. ಪಾಠ ಅಲ್ಲಿಗೇ ಮುಗಿಯುತ್ತದೆ. ವಿಕ್ಕ ಮತದವರು ಪೂಜಿಸುವುದು ಚಂದ್ರನೊಡನೆ ಸಂಬಂಧವುಳ್ಳ ಒಬ್ಬ ದೇವಿಯನ್ನು, ಕೊಂಬುಳ್ಳ ಒಬ್ಬ ದೇವನನ್ನು. ಅವರು ವರ್ಷದಲ್ಲಿ ಎಂಟು ಋತುಪರ್ವಗಳನ್ನೂ ಹುಣ್ಣಿಮೆಗಳನ್ನೂ ಆಚರಿಸುತ್ತಾರೆ. ಯಾರಿಗೂ ಕೇಡಾಗದಂತೆ ನಿನ್ನ ಇಚ್ಛೆಯಂತೆ ನಡೆ ಎಂಬ ತಾತ್ಪರ್ಯದ ಒಂದು ನೀತಿಸೂತ್ರ ಅವರಲ್ಲಿ ಪ್ರಸಿದ್ಧವಾಗಿದೆ. ಸರ್ವರೂ ಒಪ್ಪುವ ಒಂದೇ ಶಾಸ್ತ್ರಗ್ರಂಥವಾಗಲಿ ಒಬ್ಬನೇ ಧರ್ಮಗುರುವಾಗಲಿ ಅವರಿಗಿಲ್ಲ. ಆದುದರಿಂದ ಮೂಲಹೆಸರನ್ನೇ ಇಟ್ಟುಕೊಳ್ಳುವುದು ಲೇಸು.

ಈ ಮತವನ್ನು ಲೋಕಕ್ಕೆ ತಿಳಿಸಿದವನು ಜೆರಾಲ್ಡ್ ಗಾರ್ಡ್ನರ್ (1884–1964). ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಈತ ಸಿಂಹಳದ ಚಹಾ ತೋಟಗಳಲ್ಲಿ ಕೆಲಸಮಾಡಿದವನು. ಬಳಿಕ ಬೋರ್ನಿಯೋ, ಮಲಯಗಳಲ್ಲಿದ್ದು 1936ರಲ್ಲಿ ನಿವೃತ್ತನಾದನು. ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದಲ್ಲಿ 1939ರಲ್ಲಿ ಒಂದು ಗುಪ್ತಕೂಟದವರು ತನಗೆ ದೀಕ್ಷೆ ಕೊಟ್ಟರೆಂದು ಆತ ಹೇಳಿಕೊಂಡನು. ಹಳೆಯ ಮಾಟವಿರೋಧಿ ಶಾಸನ 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಮುನ್ನುಡಿ ಬರೆದವಳು ಮಾರ್ಗರೆಟ್ ಮರ್ರೆ. ಕ್ರೈಸ್ತಮತಕ್ಕೂ ಹಿಂದಿನ ಒಂದು ಧರ್ಮ ಯೂರೋಪಿನಲ್ಲಿ ಗುಪ್ತವಾಗಿ ಉಳಿದು ಬಂದಿತ್ತೆಂಬ ಆಕೆಯ ವಾದವನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ರೊನಾಲ್ಡ್ ಹಟನ್ 1999ರ ತಮ್ಮ ಗ್ರಂಥದಲ್ಲಿ ವಿಕ್ಕ ಮತದ ಆಧುನಿಕ ಮೂಲಗಳನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಇತಿಹಾಸವಾಗಿ ಗಾರ್ಡ್ನರನ ಪುಸ್ತಕ ಸೋತಿದೆ; ಅದರ ಗದ್ಯವೂ ಸಡಿಲ, ವಿಷಯದಿಂದ ವಿಷಯಕ್ಕೆ ಹಾರುವಂಥದು. ಆದರೆ ಆ ಪುಸ್ತಕದೊಳಗೆ ಒಂದು ಸಣ್ಣ ಪುರಾಣಕಥೆ ಇದೆ. ಅದು ಸೋತಿಲ್ಲ.

ಕಥೆ ಹೀಗಿದೆ. ದೇವಿಗೆ ಎಲ್ಲ ರಹಸ್ಯಗಳನ್ನೂ ಬಿಡಿಸುವ ಬಯಕೆ. ಮೃತ್ಯುವಿನ ರಹಸ್ಯವನ್ನೂ ಆಕೆ ತಿಳಿಯಬಯಸುತ್ತಾಳೆ. ಅದಕ್ಕಾಗಿ ಆಕೆ ಪಾತಾಳಕ್ಕೆ ಇಳಿಯುತ್ತಾಳೆ. ದ್ವಾರಪಾಲಕರು ಆಕೆಯ ಉಡುಗೆತೊಡುಗೆಗಳನ್ನೆಲ್ಲ ತೆಗೆಯಿಸುತ್ತಾರೆ. ಮೃತ್ಯುದೇವನು ಆಕೆಯ ಸೌಂದರ್ಯಕ್ಕೆ ಮಣಿದು, ತನ್ನೊಡನೆ ಇರೆಂದು ಬೇಡುತ್ತಾನೆ. ತನಗೆ ಅವನಲ್ಲಿ ಪ್ರೀತಿಯಿಲ್ಲವೆಂದು ಹೇಳಿ, ತಾನು ಮೆಚ್ಚಿದ ವಸ್ತುಗಳೆಲ್ಲ ಬಾಡಿ ಸಾಯುವಂತೆ ಏಕೆ ಮಾಡುತ್ತೀಯೆಂದು ದೇವಿ ಕೇಳುತ್ತಾಳೆ. ಬಾಡಿಸುವುದು ಮುಪ್ಪು ಮತ್ತು ವಿಧಿ, ತಾನು ಅಲ್ಲ. ಸತ್ತವರು ಮರಳಿ ಹುಟ್ಟುವಂತೆ ತಾನು ಅವರಿಗೆ ವಿಶ್ರಾಂತಿ ಕೊಡುತ್ತೇನೆ ಎಂಬುದು ಅವನ ಉತ್ತರ. ಆಕೆ ಮತ್ತೆಯೂ ನಿರಾಕರಿಸಿದಾಗ ಅವನ ಚಾವಟಿಗೆ ಬೆನ್ನೊಡ್ಡಬೇಕಾಗುತ್ತದೆ. ಆ ನೋವಿನಲ್ಲಿ ಆಕೆಗೆ ಪ್ರೇಮದ ವೇದನೆ ತಿಳಿಯುತ್ತದೆ. ಅವರಿಬ್ಬರೂ ಒಂದಾಗುತ್ತಾರೆ. ಪ್ರೇಮ ಪೂರ್ಣವಾಗಬೇಕಾದರೆ ಒಲಿದವರು ಒಂದೇ ಕಾಲದಲ್ಲಿ ಒಂದೇ ಎಡೆಯಲ್ಲಿ ಮರಳಿ ಹುಟ್ಟಿ, ಪರಸ್ಪರ ಗುರುತಿಸಿ ಮತ್ತೊಮ್ಮೆ ಪ್ರೀತಿಸಬೇಕು ಎಂಬ ತತ್ತ್ವದೊಡನೆ ಕಥೆ ಮುಗಿಯುತ್ತದೆ.

ಈ ಕಥೆಯ ಬಲ ಅದರ ಪ್ರಶ್ನೆಯಲ್ಲಿದೆ. ಮೆಚ್ಚಿದ್ದೆಲ್ಲ ಏಕೆ ಬಾಡಬೇಕು ಎಂಬುದಕ್ಕಿಂತ ಹಳೆಯ ಪ್ರಶ್ನೆಯನ್ನು ಮನುಷ್ಯನು ಕೇಳಿಲ್ಲ. ಮೃತ್ಯುವು ತಾನೇ ಅಸಹಾಯಕನೆಂದು ಒಪ್ಪಿಕೊಳ್ಳುವ ಉತ್ತರದಲ್ಲಿಯೂ ಒಂದು ಗಾಂಭೀರ್ಯವಿದೆ. ಆದರೆ ಎರಡು ಸಲ ‘ಇಲ್ಲ’ ಎಂದವಳನ್ನು ಪೆಟ್ಟಿನಿಂದ ಒಲಿಸುವ ಭಾಗ ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ಅದು ದೀಕ್ಷಾವಿಧಿಯ ಸಂಕೇತವೆಂದು ಸಮರ್ಥಿಸುವವರು ಇರಬಹುದು. ಸಂಕೇತವಾದರೂ ಪ್ರೇಮದ ಕಥೆಯ ಮೇಲೆ ಬಲಾತ್ಕಾರದ ನೆರಳು ಬಿದ್ದಿದೆಯೆಂಬುದನ್ನು ವಿಮರ್ಶಕನು ಮುಚ್ಚಿಡಬಾರದು.

ಇನ್ನು ಬೌದ್ಧರ ಕಥೆಗೆ ಬರೋಣ. ಪಾಳಿಯ ಅಂಗುತ್ತರ ನಿಕಾಯದ ನಾಲ್ಕನೆಯ ನಿಪಾತದಲ್ಲಿ ‘ಸಮಜೀವಿ’ ಎಂಬ ಸೂತ್ರವಿದೆ. ಭಗ್ಗರ ನಾಡಿನಲ್ಲಿ ನಕುಲಪಿತೃ, ನಕುಲಮಾತೃ ಎಂಬ ಗೃಹಸ್ಥ ದಂಪತಿಗಳು. ಒಂದು ಬೆಳಗ್ಗೆ ಬುದ್ಧನು ಅವರ ಮನೆಗೆ ಬರುತ್ತಾನೆ. ತಾನು ಎಳೆಯನಾಗಿದ್ದಾಗ ಎಳೆಯಳಾದ ಈಕೆಯನ್ನು ಮನೆಗೆ ತಂದಂದಿನಿಂದ ಮನಸ್ಸಿನಲ್ಲಿಯೂ ಈಕೆಗೆ ತಪ್ಪಿ ನಡೆದಿಲ್ಲವೆಂದು ಗಂಡನು ಹೇಳುತ್ತಾನೆ. ಹೆಂಡತಿಯೂ ಅದೇ ಮಾತನ್ನು ಹೇಳುತ್ತಾಳೆ. ಈ ಜನ್ಮದಲ್ಲಿ ಹೇಗೋ ಹಾಗೆ ಮುಂದಿನ ಜನ್ಮದಲ್ಲಿಯೂ ಪರಸ್ಪರ ನೋಡುತ್ತಿರಬೇಕೆಂಬುದು ಇಬ್ಬರ ಬಯಕೆ. ಇಬ್ಬರೂ ಹಾಗೆ ಬಯಸಿದರೆ ಶ್ರದ್ಧೆಯಲ್ಲಿ ಸಮರಾಗಿ, ಶೀಲದಲ್ಲಿ ಸಮರಾಗಿ, ತ್ಯಾಗದಲ್ಲಿ ಸಮರಾಗಿ, ಪ್ರಜ್ಞೆಯಲ್ಲಿ ಸಮರಾಗಿ ಬಾಳಬೇಕೆಂದು ಬುದ್ಧನು ತಿಳಿಸುತ್ತಾನೆ.

ವಾಚಕರು ಗಮನಿಸಬೇಕು: ಎರಡು ಕಥೆಗಳೂ ತಲುಪುವ ಬಯಕೆ ಒಂದೇ. ಒಲಿದವರನ್ನು ಮರಣದ ಆಚೆಗೂ ಕಾಣಬೇಕು. ತೃಷ್ಣೆಯೇ ದುಃಖದ ಮೂಲವೆಂದು ಬೋಧಿಸಿದ ಬುದ್ಧನು ಇಲ್ಲಿ ಆ ಮುದಿ ದಂಪತಿಗಳನ್ನು ಗದರಿಸಲಿಲ್ಲವೆಂಬುದು ಸೂತ್ರದ ಸೌಂದರ್ಯ. ವ್ಯತ್ಯಾಸವಿರುವುದು ಸಾಧನದಲ್ಲಿ. ಗಾರ್ಡ್ನರನ ಕಥೆಯಲ್ಲಿ ಪ್ರೇಮ, ಮರಣ, ಪುನರ್ಜನ್ಮ ಎಂಬ ಮೂರನ್ನೂ ಆಳುವುದು ಮಂತ್ರವಿದ್ಯೆ. ಸೂತ್ರದಲ್ಲಿ ಅದರ ಸ್ಥಾನದಲ್ಲಿ ನಾಲ್ಕು ಬಗೆಯ ನಡತೆ ನಿಂತಿದೆ. ಒಂದರಲ್ಲಿ ಮರಳಿ ಹುಟ್ಟುವುದೇ ಪ್ರೇಮದ ಪೂರ್ಣತೆ. ಇನ್ನೊಂದರಲ್ಲಿ ಅದು ದಾರಿಯ ಒಂದು ತಂಗುದಾಣ. ಕಡೆಯ ಗುರಿ ಹುಟ್ಟೇ ಇಲ್ಲದ ನಿರ್ವಾಣ. ಕರ್ಮದ ವಿಷಯದಲ್ಲಿಯೂ ಹೀಗೆಯೇ. ಮಾಡಿದ್ದು ಮೂರು ಪಟ್ಟಾಗಿ ಮಾಡಿದವನಿಗೆ ಮರಳುತ್ತದೆಂದು ವಿಕ್ಕ ಮತದ ಅನೇಕರು ನಂಬುತ್ತಾರೆ. ಬುದ್ಧನು ಚೇತನೆಯನ್ನೇ, ಎಂದರೆ ಸಂಕಲ್ಪವನ್ನೇ ಕರ್ಮವೆಂದನು. ಒಬ್ಬರದು ಲೆಕ್ಕದ ಮಾತು, ಇನ್ನೊಬ್ಬರದು ಮನಸ್ಸಿನ ಮಾತು. ‘ಸಾರವೊಂದೇ’ ಎಂದು ಇವನ್ನು ಬೆರಸುವವನು ಎರಡನ್ನೂ ಕೆಡಿಸುತ್ತಾನೆ.

ತತ್ತ್ವದ ಭೇದ ಗ್ರಂಥದಲ್ಲಿಯೇ ಉಳಿದರೆ ಮನೆಗೆ ಅಪಾಯವಿಲ್ಲ. ಅದು ಅಡಿಗೆಮನೆಗೂ ಮಲಗುವ ಮನೆಗೂ ಬರುವುದುಂಟು. ಹುಣ್ಣಿಮೆಯನ್ನೇ ತೆಗೆದುಕೊಳ್ಳಿ. ಎರಡು ಮತಗಳಿಗೂ ಅದು ಪರ್ವದಿನ. ಶ್ರದ್ಧಾವಂತನಾದ ಬೌದ್ಧ ಗೃಹಸ್ಥನು ಅಂದು ಉಪೋಸಥವನ್ನು ಹಿಡಿದು ಎಂಟು ಶೀಲಗಳನ್ನು ಪಾಲಿಸುತ್ತಾನೆ: ನಡುಹಗಲಾದ ಮೇಲೆ ಊಟವಿಲ್ಲ, ನೃತ್ಯಗೀತವಿಲ್ಲ, ಅಲಂಕಾರವಿಲ್ಲ, ಬ್ರಹ್ಮಚರ್ಯಕ್ಕೆ ಭಂಗವಿಲ್ಲ. ವಿಕ್ಕ ಮತದ ಹೆಂಡತಿಗೆ ಅದೇ ರಾತ್ರಿ ದೇವಿಯ ರಾತ್ರಿ. ಹಾಡು, ಕುಣಿತ, ದ್ರಾಕ್ಷಾರಸದ ಬಟ್ಟಲು, ರೊಟ್ಟಿ ಪೂಜೆಯ ಅಂಗಗಳು. ಒಂದೇ ಚಂದ್ರನ ಕೆಳಗೆ ಒಬ್ಬರು ಇಂದ್ರಿಯಗಳನ್ನು ಮಡಚಿಡುತ್ತಾರೆ, ಇನ್ನೊಬ್ಬರು ಅವನ್ನೇ ಅರ್ಪಿಸುತ್ತಾರೆ. ಬಟ್ಟಲಿನಲ್ಲಿ ಮದ್ಯದ ಬದಲು ಹಣ್ಣಿನ ರಸವನ್ನು ತುಂಬಿದರೆ ಐದನೆಯ ಶೀಲ ಉಳಿದೀತು. ಆದರೆ ಕಾಯವನ್ನು ಕುರಿತ ಎರಡು ದೃಷ್ಟಿಗಳು ಬಟ್ಟಲು ಬದಲಿಸಿದ ಮಾತ್ರಕ್ಕೆ ಒಂದಾಗುವುದಿಲ್ಲ.

ದೇವತೆಗಳ ಮಾತೂ ಹೀಗೆಯೇ ಸೂಕ್ಷ್ಮ. ಬೌದ್ಧರು ದೇವತೆಗಳನ್ನು ಅಲ್ಲಗಳೆಯುವವರೆಂಬ ಭಾವನೆ ನಮ್ಮ ಪಾಠಗಳಲ್ಲಿ ಬೇರೂರಿದೆ, ಅದು ಸರಿಯಲ್ಲ. ವಜ್ಜಿಗಳು ತಮ್ಮ ಪೂರ್ವದ ಚೈತ್ಯಗಳನ್ನು ಗೌರವಿಸುವವರೆಗೆ ಅವರಿಗೆ ಏಳಿಗೆಯೆಂದು ಬುದ್ಧನೇ ಹೇಳಿದ ಪ್ರಸಂಗ ಮಹಾಪರಿನಿರ್ವಾಣ ಸೂತ್ರದಲ್ಲಿದೆ. ಸಿಂಹಳದಲ್ಲಿ ವಿಹಾರದ ಪಕ್ಕದಲ್ಲಿಯೇ ದೇವಾಲಯವಿರುವುದು ಸಾಮಾನ್ಯ. ಆದುದರಿಂದ ಹೆಂಡತಿಯ ದೇವಿಗೆ ಗಂಡನು ಹೂವಿಟ್ಟರೆ ಶೀಲಭಂಗವಾಗದು. ಆದರೆ ಶರಣು ಹೋಗುವುದು ತ್ರಿರತ್ನಗಳಿಗೆ ಮಾತ್ರ. ಕರ್ಮವನ್ನು ಬಿಟ್ಟು ಶಕುನಮಂಗಳಗಳನ್ನು ನೆಚ್ಚುವ ಉಪಾಸಕನನ್ನು ಅಂಗುತ್ತರ ನಿಕಾಯ ಕಟುವಾಗಿಯೇ ನಿಂದಿಸುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಹೆಂಡತಿ ಮಂತ್ರದ ದೀಪ ಹಚ್ಚಿದರೆ, ಗೌರವಕ್ಕೂ ಶರಣಾಗತಿಗೂ ನಡುವಣ ಈ ಗೆರೆ ಗಂಡನ ಮನಸ್ಸಿನಲ್ಲಿ ಎದ್ದು ನಿಲ್ಲದೆ ಇರದು.

ಎರಡು ಮತಗಳ ಮನೆಯ ಚಿತ್ರ ಹಳೆಯ ಬೌದ್ಧಸಾಹಿತ್ಯಕ್ಕೆ ಹೊಸದಲ್ಲ. ಸಂಯುತ್ತ ನಿಕಾಯದ ಧನಂಜಾನಿ ಬುದ್ಧನ ಭಕ್ತೆ. ಆಕೆಯ ಗಂಡ ಭಾರದ್ವಾಜ ಗೋತ್ರದ ಬ್ರಾಹ್ಮಣ. ಅನ್ನ ಬಡಿಸಲು ಬರುತ್ತ ಎಡವಿದಾಗ ಆಕೆಯ ಬಾಯಿಂದ ಬುದ್ಧನಮಸ್ಕಾರ ಹೊರಡುತ್ತದೆ. ಗಂಡನು ಸಿಡಿದೆದ್ದು, ನಿನ್ನ ಗುರುವನ್ನು ವಾದದಲ್ಲಿ ಸೋಲಿಸುತ್ತೇನೆಂದು ಹೊರಡುತ್ತಾನೆ. ಕೋಪವನ್ನು ಕೊಂದವನು ಸುಖವಾಗಿ ನಿದ್ರಿಸುತ್ತಾನೆಂಬ ಉಪದೇಶವನ್ನು ಕೇಳಿ ತಾನೇ ಭಿಕ್ಷುವಾಗುತ್ತಾನೆ. ಕಥೆ ಸೊಗಸಾಗಿದೆ. ಆದರೆ ಮನೆಯಲ್ಲಿ ಉಳಿದ ಧನಂಜಾನಿಯ ಗತಿಯೇನೆಂದು ಕಥೆ ಕೇಳುವುದಿಲ್ಲ. ಧಮ್ಮಪದದ ಅಟ್ಠಕಥೆಯ ವಿಶಾಖೆಯ ಪ್ರಸಂಗದಲ್ಲಿ ನಗ್ನಸಾಧುಗಳ ಅನುಯಾಯಿಯಾಗಿದ್ದ ಮಾವ ಮಿಗಾರನು ಕಡೆಗೆ ಸೊಸೆಯ ಧರ್ಮಕ್ಕೆ ಒಲಿದು ಆಕೆಯನ್ನೇ ತಾಯಿಯೆಂದು ಕರೆಯುತ್ತಾನೆ. ಇಲ್ಲಿಯೂ ತೊಡಕು ಬಿಡುವುದು ಒಬ್ಬರ ಮತಾಂತರದಿಂದ. ಇವು ಗೆಲುವಿನ ಕಥೆಗಳು; ಹೊಂದಿಕೆಯ ಕಥೆಗಳಲ್ಲ. ವಿದ್ಯಾರ್ಥಿಗಳಿಗೆ ಇವನ್ನು ಮತಸಮನ್ವಯದ ಉದಾಹರಣೆಗಳೆಂದು ಪಾಠಹೇಳುವುದು ತಪ್ಪು.

ಮಜ್ಝಿಮ ನಿಕಾಯದ ಉಪಾಲಿಯ ಕಥೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ. ನಾಲಂದೆಯ ಈ ಗೃಹಸ್ಥನು ನಿಗಂಠರ, ಎಂದರೆ ಜೈನಮುನಿಗಳ, ಶ್ರಾವಕನಾಗಿದ್ದವನು. ಬುದ್ಧನೊಡನೆ ವಾದಕ್ಕೆ ಬಂದು ಅವನ ಶಿಷ್ಯನಾಗುತ್ತಾನೆ. ಆಗ ಬುದ್ಧನು, ನಿನ್ನ ಮನೆ ಬಹುಕಾಲದಿಂದ ನಿಗಂಠರಿಗೆ ನೀರಿನ ಸೆಲೆಯಂತಿದೆ, ಅವರಿಗೆ ಕೊಡುವ ಅನ್ನವನ್ನು ನಿಲ್ಲಿಸಬೇಡ ಎಂಬರ್ಥದ ಮಾತನ್ನು ಹೇಳುತ್ತಾನೆ. ಗೆದ್ದವನೊಬ್ಬನು ಸೋತವರ ಊಟದ ಚಿಂತೆ ಮಾಡಿದ ಈ ಗಳಿಗೆ ಬಹು ದೊಡ್ಡದು. ಆದರೆ ಉಪಾಲಿ ಮನೆಗೆ ಹೋಗಿ, ನಿಗಂಠರನ್ನು ಒಳಗೆ ಬಿಡದೆ ಬಾಗಿಲಲ್ಲಿಯೇ ಅನ್ನ ಕೊಡಬೇಕೆಂದು ದ್ವಾರಪಾಲಕನಿಗೆ ಅಪ್ಪಣೆ ಮಾಡುತ್ತಾನೆ. ಗುರುವಿನ ಮಾತು ಕೈಗೆ ತಲುಪಿತು, ಬಾಗಿಲಿಗೆ ತಲುಪಲಿಲ್ಲ. ಎರಡು ಮತಗಳ ದಾಂಪತ್ಯದ ಅಪಾಯವೂ ಇದೇ. ಒಬ್ಬರು ಇನ್ನೊಬ್ಬರ ಆಚರಣೆಗೆ ಅನುಮತಿ ಕೊಟ್ಟು, ಅದನ್ನು ಮನೆಯ ಮೂಲೆಯಲ್ಲಿ ಬಾಗಿಲಾಚೆಯ ಅತಿಥಿಯಂತೆ ಇಡಬಹುದು. ಸಹಿಸಿಕೊಂಡದ್ದು ಸಮವಾಗಿ ಕಂಡಂತಾಯಿತೆ?

ಇಲ್ಲಿ ‘ಸಮ’ ಎಂಬ ಶಬ್ದಕ್ಕೆ ಮರಳಬೇಕು. ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಈ ನಾಲ್ಕೂ ಕನ್ನಡದಲ್ಲಿ ದಿನಬಳಕೆಯ ಮಾತುಗಳಾದುದರಿಂದ ಅರ್ಥ ಸುಲಭವೆಂದು ತೋರುತ್ತದೆ. ಸುಲಭವೆಂದು ತೋರುವ ಶಬ್ದಗಳೇ ಓದುಗನನ್ನು ಜಾರಿಸುತ್ತವೆ. ತಕ್ಕಡಿ ಸಮವಾಗಿ ನಿಲ್ಲಲು ಎರಡು ತಟ್ಟೆಗಳಲ್ಲಿಯೂ ಒಂದೇ ವಸ್ತುವಿರಬೇಕಾಗಿಲ್ಲ. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಕಬ್ಬಿಣದ ಕಲ್ಲು; ತೂಕ ಸರಿಯಿದ್ದರೆ ಮುಳ್ಳು ನೆಟ್ಟಗೆ ನಿಲ್ಲುತ್ತದೆ. ಹಾಗಾದರೆ ಸಮಶ್ರದ್ಧೆಯೆಂದರೆ ನಂಬಿಕೆಯ ವಸ್ತು ಬೇರೆಯಾದರೂ ನಂಬಿಕೆಯ ತೂಕ ಒಂದೇ ಆಗಿರುವುದು ಎಂದು ಅರ್ಥಮಾಡಬಹುದಲ್ಲವೆ? ಈ ಅರ್ಥ ನಮಗೆ ಪ್ರಿಯವಾದದ್ದು. ಆದರೆ ಪ್ರಿಯವಾದುದೆಂಬ ಕಾರಣಕ್ಕೆ ಅದನ್ನು ಸೂತ್ರದ ಬಾಯಲ್ಲಿ ಇಡಲಾಗದು. ಅಂಗುತ್ತರ ನಿಕಾಯವೇ ಬೇರೊಂದು ಕಡೆ ಗೃಹಸ್ಥನ ಶ್ರದ್ಧೆಯೆಂದರೆ ತಥಾಗತನ ಬೋಧಿಯಲ್ಲಿಟ್ಟ ಶ್ರದ್ಧೆಯೆಂದು ವಿವರಿಸಿದೆ. ಆದುದರಿಂದ ಸೂತ್ರದ ಮೂಲ ಅರ್ಥದಲ್ಲಿ ಬೌದ್ಧನೂ ವಿಕ್ಕ ಮತದವಳೂ ಸಮಶ್ರದ್ಧರಲ್ಲ. ಈ ಕೊರತೆಯನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಉಳಿದ ಮೂರರ ಮಾತೇನು? ಶೀಲದಲ್ಲಿ ಸಮರಾಗಬಹುದು: ಕೇಡು ಮಾಡಬಾರದೆಂಬುದು ಎರಡು ಕಡೆಯಲ್ಲಿಯೂ ನೀತಿಯ ಬುನಾದಿ. ವಿಕ್ಕ ಮತದ ವಿವಾಹದಲ್ಲಿ ವಧೂವರರ ಕೈಗಳನ್ನು ದಾರದಿಂದ ಕಟ್ಟುತ್ತಾರೆ. ಕೆಲವರು ಒಂದು ವರ್ಷ ಒಂದು ದಿನಕ್ಕೆ, ಕೆಲವರು ಪ್ರೇಮವಿರುವವರೆಗೆ ಎಂದು ಮಾತು ಕೊಡುತ್ತಾರೆ. ಅವಧಿ ಎಷ್ಟೇ ಇರಲಿ, ಕೊಟ್ಟ ಮಾತಿಗೆ ಮನಸ್ಸಿನಲ್ಲಿಯೂ ತಪ್ಪದಿರುವುದು ನಕುಲಪಿತೃವಿನ ಶೀಲವೇ. ಆದರೆ ಒಬ್ಬರು ಆಜೀವವೆಂದೂ ಇನ್ನೊಬ್ಬರು ಪ್ರೇಮವಿರುವವರೆಗೆಂದೂ ಭಾವಿಸಿ ಒಂದೇ ದಾರಕ್ಕೆ ಕೈಯೊಡ್ಡಿದರೆ ಗಂಟು ಕಟ್ಟುವಾಗಲೇ ಸಡಿಲವಾಗಿರುತ್ತದೆ. ಇದನ್ನು ಮೊದಲೇ ಬಾಯಿಬಿಟ್ಟು ಆಡಿಕೊಳ್ಳಬೇಕು. ತ್ಯಾಗದಲ್ಲಿ ಸಮರಾಗಬಹುದು: ಯಾರ ಹಬ್ಬಕ್ಕೆ ಯಾರು ಬಿಟ್ಟುಕೊಟ್ಟರೆಂಬ ಲೆಕ್ಕದಲ್ಲಿ ಯಾವಾಗಲೂ ಒಬ್ಬರದೇ ಹೆಸರಿದ್ದರೆ ಅದು ತ್ಯಾಗವಲ್ಲ, ಸೋಲು. ಪ್ರಜ್ಞೆಯಲ್ಲಿ ಸಮರಾಗಬಹುದು: ತಮ್ಮ ಮತಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕೂಡಲಾರವು ಎಂಬುದನ್ನು ಇಬ್ಬರೂ ಒಂದೇ ಸ್ಪಷ್ಟತೆಯಿಂದ ಅರಿತಿರುವುದೇ ಅದು. ನಾಲ್ಕು ಕಾಲಿನ ಮಣೆಗೆ ಒಂದು ಕಾಲು ಮೋಟಾದರೆ ಉಳಿದ ಮೂರರ ಮೇಲೆ ಹೆಚ್ಚು ಭಾರ ಬೀಳುತ್ತದೆ. ಎರಡು ಮತಗಳ ಮನೆಗೆ ಶೀಲ, ತ್ಯಾಗ, ಪ್ರಜ್ಞೆಗಳು ಏಕಮತದ ಮನೆಗಿಂತ ಹೆಚ್ಚಾಗಿ ಬೇಕು.

ಇದು ಸಾಕಾಗುವುದೆ ಎಂಬುದರ ಪರೀಕ್ಷೆ ಸುಖದ ದಿನಗಳಲ್ಲಿ ಆಗುವುದಿಲ್ಲ. ಅದೇ ನಕುಲಪಿತೃ ಒಮ್ಮೆ ಕಡುರೋಗಿಯಾಗಿ ಮಲಗಿದ್ದನೆಂದು ಅಂಗುತ್ತರದ ಆರನೆಯ ನಿಪಾತ ಹೇಳುತ್ತದೆ. ಹೆಂಡತಿ ಹಾಸಿಗೆಯ ಬಳಿ ಕುಳಿತು, ಚಿಂತೆಯನ್ನು ಹೊತ್ತು ಸಾಯಬೇಡಿ, ಅಂಥ ಸಾವು ದುಃಖಕರ ಎಂದು ಸಮಾಧಾನ ಹೇಳುತ್ತಾಳೆ. ತನಗೆ ಹತ್ತಿ ನೂಲುವುದು ಗೊತ್ತು, ಮಕ್ಕಳನ್ನು ಸಾಕಬಲ್ಲೆ. ಬೇರೊಬ್ಬನ ಮನೆ ಸೇರುವುದಿಲ್ಲ. ಧರ್ಮವನ್ನು ಬಿಡುವುದಿಲ್ಲ ಎಂದು ಒಂದೊಂದಾಗಿ ಅವನ ಅಂಜಿಕೆಗಳನ್ನು ಇಳಿಸುತ್ತಾಳೆ. ಅವನ ರೋಗ ಗುಣವಾಗುತ್ತದೆ. ಬುದ್ಧನು ಆಕೆಯನ್ನು ಹೊಗಳುತ್ತಾನೆ. ಮುಂದಿನ ಜನ್ಮದಲ್ಲಿಯೂ ಗಂಡನನ್ನು ನೋಡಬೇಕೆಂದು ಬಯಸಿದ ಹೆಣ್ಣೇ ಇಲ್ಲಿ, ನಿಶ್ಚಿಂತೆಯಿಂದ ಹೋಗಿ ಬನ್ನಿ ಎನ್ನುತ್ತಾಳೆ. ಪಾಳಿಯ ಈ ಎರಡು ಸೂತ್ರಗಳನ್ನು ಜೊತೆಯಾಗಿ ಓದಿದಾಗಲೇ ಬೌದ್ಧಪ್ರೇಮದ ಪೂರ್ಣರೂಪ ಕಾಣುತ್ತದೆ. ಗಾರ್ಡ್ನರನ ಕಥೆಯಲ್ಲಿ ಮರಳಿ ಕಾಣುವ ಹಂಬಲವಿದೆ, ಕೈಬಿಡುವ ಧೈರ್ಯವಿಲ್ಲ. ಇದನ್ನು ಅದರ ಮಿತಿಯೆಂದು ನಾವು ಬಗೆಯುತ್ತೇವೆ.

ಆದುದರಿಂದ ನಮ್ಮ ತೀರ್ಮಾನ ಹೀಗೆ: ಬೌದ್ಧಧರ್ಮವೂ ವಿಕ್ಕ ಮತವೂ ತತ್ತ್ವದಲ್ಲಿ ಒಂದಾಗುವುದಿಲ್ಲ, ಒಂದಾಗಿಸುವ ಪ್ರಯತ್ನವೂ ಬೇಡ. ಬೌದ್ಧನೂ ವಿಕ್ಕ ಮತದವಳೂ ಬಾಳಬಲ್ಲರು. ಅವನು ಕಾಯಿಲೆ ಬಿದ್ದ ದಿನ ಆಕೆ ತನ್ನ ವಿಧಿಗಳನ್ನು ಅವನ ಮೇಲೆ ಹೇರದೆ ಅವನ ಶೀಲದಂತೆ ಅವನನ್ನು ಕಳುಹಿಸಿಕೊಡಬಲ್ಲಳೆ? ಮರಳಿ ಕಾಣುವೆನೆಂಬ ಆಕೆಯ ನಂಬಿಕೆಯನ್ನು ಅವನು ತೃಷ್ಣೆಯೆಂದು ಹಳಿಯದೆ ಕೇಳಿಸಿಕೊಳ್ಳಬಲ್ಲನೆ? ಈ ಎರಡು ಪ್ರಶ್ನೆಗಳಿಗೆ ಇಬ್ಬರೂ ಹೌದೆನ್ನುವಂತಿದ್ದರೆ ಹುಣ್ಣಿಮೆಯ ತೊಡಕುಗಳು ತಾವಾಗಿ ದಾರಿ ಕಂಡುಕೊಳ್ಳುತ್ತವೆ. ಹೌದೆನ್ನಲಾರದವರಿಗೆ ಏಕಮತವೂ ರಕ್ಷಣೆಯಲ್ಲ. ಉಪಾಧ್ಯಾಯ ಬಂಧುಗಳು ನಕುಲ ದಂಪತಿಗಳ ಎರಡು ಸೂತ್ರಗಳನ್ನೂ ದೇವಿಯ ಅವರೋಹಣದ ಕಥೆಯನ್ನೂ ತರಗತಿಯಲ್ಲಿ ಒಟ್ಟಿಗೆ ಹೇಳಿ, ‘ಸಮ’ ಎಂಬ ಎರಡಕ್ಷರದ ಅರ್ಥವನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿ ನೋಡಲಿ. ಬಾಗಿಲಲ್ಲಿ ಅನ್ನವಿಡಿಸಿದ ಉಪಾಲಿಯನ್ನೂ ಆ ಪಾಠದಲ್ಲಿ ಮರೆಯದಿರಲಿ.